ಕ್ಯಾನ್ಸರ್ ಆದ ಮೇಲೆ ಐವಿಎಫ್: ಸಾಲ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 34, ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಮುಗಿದು ಎರಡು ವರ್ಷ, ಕ್ಯಾನ್ಸರ್ ಮರಳದಂತೆ ಹಾರ್ಮೋನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ಇನ್ನೂ ನಡೆಯುತ್ತಿದೆ. ಕೀಮೋಗೆ ಮುಂಚೆ ಅಂಡಾಣು ತೆಗೆದು ಇಡಿಸಿಲ್ಲ. ಈಗ ಒಂದು ಕ್ಲಿನಿಕ್‌ನವರು ಐವಿಎಫ್ (ಅಂಡಾಣು ಹೊರತೆಗೆದು, ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸಿ ಗರ್ಭಕ್ಕೆ ಬಿಡುವ ಚಿಕಿತ್ಸೆ) ಪ್ಯಾಕೇಜ್ ಹೇಳಿದ್ದಾರೆ. ಕೂಡಿಟ್ಟ ದುಡ್ಡೆಲ್ಲ ಕ್ಯಾನ್ಸರ್‌ಗೇ ಹೋಗಿದೆ, ಸಾಲ ಮಾಡೋದಾ ಬೇಡವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಇದೇ ದಾರಿಯಲ್ಲಿ ನಡೆದು, ಒಂದು ಕಡೆ ಚೆನ್ನಾಗಿ ಎಡವಿದವಳು. ನಾವು ಸಾಲ ಮಾಡಿದೆವು. ಮಾಡಬಾರದ ಕೆಲಸಕ್ಕೆ ಮಾಡಿದೆವು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ನಿಮಗೆ ಐವಿಎಫ್ಫೇ ಬೇಕು ಅಂತ ಯಾರು ಹೇಳಿದ್ದು? ಕ್ಲಿನಿಕ್‌ನವರಾ, ನಿಮ್ಮ ಕ್ಯಾನ್ಸರ್ ಡಾಕ್ಟರಾ? ಯಾವ ಪರೀಕ್ಷೆ ನೋಡಿ ಹೇಳಿದರು? ನೀವು ಬರೆದದ್ದರಲ್ಲಿ ಅದು ಎಲ್ಲೂ ಇಲ್ಲ. ಕೀಮೋ ತಗೊಂಡವರೆಲ್ಲರಿಗೂ ಐವಿಎಫ್ ಬೇಕಾಗುವುದಿಲ್ಲ. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿಗಳು ಅಂಡಾಶಯಕ್ಕೆ ಜಾಸ್ತಿ ಪೆಟ್ಟು ಕೊಡುತ್ತವೆ, ನಿಜ. ಆದರೆ ಎಷ್ಟು ಪೆಟ್ಟು ಬಿದ್ದಿದೆ ಅನ್ನುವುದು ವಯಸ್ಸು, ಔಷಧಿ, ಅದರ ಪ್ರಮಾಣ ಎಲ್ಲದರ ಮೇಲೂ ನಿಂತಿದೆ. ಅಂಡಾಶಯದಲ್ಲಿ ಎಷ್ಟು ಉಳಿದಿದೆ ಅಂತ ಅಂದಾಜು ಮಾಡಲು ಎಎಂಎಚ್ ಅನ್ನೋ ರಕ್ತ ಪರೀಕ್ಷೆ ಇದೆ. ಜೊತೆಗೆ ಒಂದು ಸ್ಕ್ಯಾನ್. ಇಡೀ ಐವಿಎಫ್ ಖರ್ಚಿನ ಮುಂದೆ ಇವೆರಡೂ ಚಿಲ್ಲರೆ ಕಾಸು. ಎಎಂಎಚ್ ಕಡಿಮೆ ಬಂದರೂ ಸಹಜವಾಗಿ ಗರ್ಭ ನಿಲ್ಲುವುದಿಲ್ಲ ಅಂತ ಅರ್ಥ ಅಲ್ಲ. ಐವಿಎಫ್‌ನಲ್ಲಿ ಇಂಜೆಕ್ಷನ್ ಕೊಟ್ಟರೆ ಅಂಡಾಣು ಎಷ್ಟು ಸಿಗಬಹುದು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ. ಗಂಡನ ವೀರ್ಯ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಎಲ್ಲರ ಕಣ್ಣೂ ನಿಮ್ಮ ಕ್ಯಾನ್ಸರ್ ಮೇಲೆ ಇರುವುದರಿಂದ ಅದು ಮರೆತೇ ಹೋಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ನಿಮ್ಮಂಥವರ ಮೇಲೆಯೇ ಮಾಡಿದ ಒಂದು ಅಧ್ಯಯನ ಇದೆ. ಹೆಸರು ಪಾಸಿಟಿವ್, ಫಲಿತಾಂಶ ಬಂದದ್ದು 2023ರಲ್ಲಿ. ಹಾರ್ಮೋನ್‌ಗೆ ಸ್ಪಂದಿಸುವ, ಶುರುವಿನ ಹಂತದ ಸ್ತನ ಕ್ಯಾನ್ಸರ್ ಆಗಿದ್ದ ಸುಮಾರು 500 ಹೆಂಗಸರು. ಎಲ್ಲರೂ 42 ವರ್ಷ ಮೀರದವರು. ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತಗೊಂಡು, ಆಮೇಲೆ ಮಗುವಿಗಾಗಿ ಎರಡು ವರ್ಷದವರೆಗೆ ಮಾತ್ರೆ ನಿಲ್ಲಿಸಿದರು. ಸುಮಾರು ಮೂರು ವರ್ಷ ನೋಡಿದಾಗ, ನಿಲ್ಲಿಸಿದ್ದರಿಂದ ಕ್ಯಾನ್ಸರ್ ಮರಳುವುದು ಹೆಚ್ಚಾಗಿರಲಿಲ್ಲ. ನಾಲ್ವರಲ್ಲಿ ಸುಮಾರು ಮೂವರು ಗರ್ಭಿಣಿಯಾದರು, 317 ಮಂದಿಗೆ ಒಂದಾದರೂ ಮಗು ಹುಟ್ಟಿತು. ಇವರೆಲ್ಲ ಐವಿಎಫ್ ಮಾಡಿಸಿದವರಲ್ಲ. ಇನ್ನೂ ದೀರ್ಘಕಾಲ ನೋಡಬೇಕಿದೆ, ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ.

ದುಡ್ಡಿನ ಪ್ರಶ್ನೆಗೆ ಇದನ್ನೆಲ್ಲ ಯಾಕೆ ಎಳೆದೆ ಅಂದರೆ, ನಿಮ್ಮ ಹತ್ತಿರ ಇರುವ ಸಮಯ ಅಳತೆಯದ್ದು. ಮಾತ್ರೆ ನಿಲ್ಲಿಸಿದ ಮೇಲೂ ಮೈಯಿಂದ ಹೋಗಲು ಸುಮಾರು ಮೂರು ತಿಂಗಳು ಬಿಡುತ್ತಾರೆ. ಗಡಿಯಾರ ಆಗಲೇ ಓಡುತ್ತಿರುತ್ತದೆ. ಮಾತ್ರೆ ನಿಲ್ಲಿಸಿ ಆಮೇಲೆ ದುಡ್ಡು ಹುಡುಕಲು ಹೊರಟರೆ ಆ ತಿಂಗಳುಗಳು ಸುಮ್ನೆ ಹಾಳು. ಪರೀಕ್ಷೆ, ಇನ್ಶೂರೆನ್ಸ್ ಪತ್ರ, ಬಿಲ್ಲಿನ ಚೌಕಾಸಿ ಎಲ್ಲ ಮಾತ್ರೆ ನಡೆಯುತ್ತಿರುವಾಗಲೇ ಮುಗಿಯಲಿ. ಒಂದು ಸಂಗತಿ ಮಾತ್ರ ನೆನಪಿರಲಿ: ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿರುವಾಗ ಕೆಲವು ಹಾರ್ಮೋನ್ ಅಂಕಿಗಳು ಏರುಪೇರಾಗುತ್ತವೆ. ಯಾವ ಪರೀಕ್ಷೆ ಈಗ, ಯಾವುದು ಆಮೇಲೆ ಅಂತ ಕೇಳಿಕೊಂಡೇ ಮಾಡಿಸಿ.

ಈಗ ಪ್ಯಾಕೇಜ್. ಈ ಪದ ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮಗೆ ಹೇಳಿದ ಪ್ಯಾಕೇಜಿನಲ್ಲಿ ಇಂಜೆಕ್ಷನ್ ಸೇರಿರಲಿಲ್ಲ. ಹತ್ತು ಹನ್ನೆರಡು ದಿನ ದಿನವೂ ಚುಚ್ಚುವ ಹಾರ್ಮೋನ್ ಇಂಜೆಕ್ಷನ್ ಅದು, ನಮ್ಮ ಒಟ್ಟು ಬಿಲ್ಲಿನ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಅರಿವಳಿಕೆ ಬೇರೆ. ವೀರ್ಯವನ್ನು ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಬೇರೆ. ಉಳಿದ ಎಂಬ್ರಿಯೋ, ಅಂದರೆ ಲ್ಯಾಬಿನಲ್ಲಿ ಬೆಳೆದ ಭ್ರೂಣ, ಫ್ರೀಜ್ ಮಾಡುವುದು ಬೇರೆ, ವರ್ಷ ವರ್ಷ ಅದನ್ನು ಇಟ್ಟುಕೊಳ್ಳುವ ಬಾಡಿಗೆ ಬೇರೆ, ಮುಂದೆ ಅದನ್ನು ಕರಗಿಸಿ ಗರ್ಭಕ್ಕೆ ಬಿಡುವುದು ಮತ್ತೆ ಬೇರೆ. ಹಾಗಾಗಿ ‘ಒಟ್ಟು ಎಷ್ಟು’ ಅಂತ ಕೇಳಬೇಡಿ. ‘ಇದರಲ್ಲಿ ಏನೇನು ಸೇರಿಲ್ಲ’ ಅಂತ ಕೇಳಿ, ಬರೆದು ಕೊಡಿ ಅನ್ನಿ. ಬರೆದು ಕೊಡಲು ಹಿಂದೆ ಮುಂದೆ ನೋಡುವ ಕಡೆ ನಾನಾದರೆ ಇನ್ನೊಮ್ಮೆ ಕಾಲಿಡುವುದಿಲ್ಲ. ಅರ್ಧದಲ್ಲೇ ನಿಂತರೆ, ಅಂದರೆ ಅಂಡಾಣುವೇ ಬೆಳೆಯದಿದ್ದರೆ ಅಥವಾ ಎಂಬ್ರಿಯೋ ಆಗದಿದ್ದರೆ, ಎಷ್ಟು ವಾಪಸ್ ಕೊಡುತ್ತೀರಿ ಅಂತಲೂ ಕೇಳಿ. ಕೀಮೋ ಆದವರಿಗೆ ಈ ಪ್ರಶ್ನೆ ತುಂಬಾ ಮುಖ್ಯ.

ಇಂಜೆಕ್ಷನ್ ಡೋಸ್ ಏರಿಸಿದಷ್ಟೂ ಫಲ ಜಾಸ್ತಿ ಅಂತ ನಾನು ನಂಬಿಕೊಂಡಿದ್ದೆ. ಅಂಡಾಶಯದಲ್ಲಿ ಉಳಿದಿರುವುದೇ ಕಡಿಮೆ ಇದ್ದಾಗ ಡೋಸ್ ಏರಿಸಿದರೂ ಮಗು ಆಗುವ ಪ್ರಮಾಣ ಹೆಚ್ಚಲಿಲ್ಲ ಅಂತ ನೆದರ್ಲೆಂಡ್ಸ್‌ನ ದೊಡ್ಡ ಅಧ್ಯಯನವೊಂದು 2017ರಲ್ಲಿ ಹೇಳಿದೆ. ಕಡಿಮೆ ಡೋಸಿನಲ್ಲಿ ಮಾಡಬಹುದಾ ಅಂತ ಡಾಕ್ಟರನ್ನು ನಾಚಿಕೆ ಇಲ್ಲದೆ ಕೇಳಿ. ನಿಮ್ಮದು ಹಾರ್ಮೋನ್‌ಗೆ ಸ್ಪಂದಿಸುವ ಕ್ಯಾನ್ಸರ್ ಆಗಿದ್ದರಿಂದ ಇಂಜೆಕ್ಷನ್ ಜೊತೆ ಲೆಟ್ರೊಜೋಲ್ ಮಾತ್ರೆ ಕೊಡುವ ಬಗ್ಗೆಯೂ ಕೇಳಿ. ಈಸ್ಟ್ರೋಜನ್ ತೀರಾ ಏರದಂತೆ ಅದು ತಡೆಯುತ್ತದೆ.

ಇನ್ನು ‘ಇದೊಂದು ಸೇರಿಸಿಕೊಳ್ಳಿ’ ಅನ್ನುವ ಪಟ್ಟಿ. ಗರ್ಭಕೋಶ ಕೆರೆಯುವುದು, ಎಂಬ್ರಿಯೋಗೆ ಅಂಟು, ಇನ್ನೂ ಏನೇನೋ. ಬ್ರಿಟನ್ನಿನಲ್ಲಿ ಇಂಥ ಕ್ಲಿನಿಕ್‌ಗಳ ಮೇಲೆ ಕಣ್ಣಿಡುವ ಎಚ್‌ಎಫ್‌ಇಎ ಅನ್ನುವ ಸಂಸ್ಥೆ ಇದೆ. ಇವುಗಳಲ್ಲಿ ಯಾವುದಕ್ಕೆ ಪುರಾವೆ ಇದೆ, ಯಾವುದಕ್ಕೆ ಇಲ್ಲ ಅಂತ ಬಣ್ಣ ಹಚ್ಚಿ ಪಟ್ಟಿ ಹಾಕಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಾವು ನೋಡಿದ್ದು ದುಡ್ಡು ಕಟ್ಟಿದ ಮೇಲೆ!

ಆದರೆ ಉಳಿಸಲು ಹೋಗಬಾರದ ಖರ್ಚು ಒಂದಿದೆ. ಡಾಕ್ಸೊರುಬಿಸಿನ್ ಅಂತ ಕೆಂಪು ಬಣ್ಣದ ಕೀಮೋ ಬಂದಿದ್ದರೆ, ಅಥವಾ ಎದೆಗೆ ರೇಡಿಯೇಷನ್ ಆಗಿದ್ದರೆ, ಗರ್ಭ ಧರಿಸುವ ಮುಂಚೆ ಹೃದಯದ ಎಕೋ ಮಾಡಿಸಿ. ಬಸಿರು ಹೃದಯಕ್ಕೆ ದೊಡ್ಡ ಹೊರೆ.

ಇನ್ಶೂರೆನ್ಸ್ ಬಗ್ಗೆ. ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ, ಅದರ ಮೇಲೇ ಮುಕ್ಕಾಲು ಪಾಲು ನಿಂತಿದೆ. ಇಸ್ರೇಲ್‌ನಲ್ಲಿ ಎರಡು ಮಕ್ಕಳಾಗುವವರೆಗೂ ಐವಿಎಫ್ ಖರ್ಚು ಸರ್ಕಾರದ್ದು. ಫ್ರಾನ್ಸ್‌ನಲ್ಲಿ 43 ತುಂಬುವವರೆಗೆ ನಾಲ್ಕು ಪ್ರಯತ್ನ. ಅಮೆರಿಕದಲ್ಲಿ 2017ರಿಂದ ಒಂದೊಂದೇ ರಾಜ್ಯ ಇನ್ಶೂರೆನ್ಸ್ ಕಾನೂನು ತರುತ್ತಿದೆ, ಆದರೆ ಅದು ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಅಂಡಾಣು ತೆಗೆದಿಡುವ ಖರ್ಚಿಗೆ. ನಿಮ್ಮ ಹಂತಕ್ಕೆ ಅದು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಎಲ್ಲೇ ಇದ್ದರೂ ಪಾಲಿಸಿಯಲ್ಲಿ ‘ಬಂಜೆತನ’ ಅಂದರೆ ಏನು ಅಂತ ಬರೆದಿದ್ದಾರೆ ನೋಡಿ. ಸಾಮಾನ್ಯವಾಗಿ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, 35 ದಾಟಿದವರಿಗೆ ಆರು ತಿಂಗಳು, ಅಂತ ಇರುತ್ತದೆ. ಮಾತ್ರೆಯ ಮೇಲಿರುವ ನೀವು ಒಂದು ವರ್ಷ ಪ್ರಯತ್ನಿಸುವುದು ಹೇಗೆ? ಹಾಗಾಗಿ ಅಂಡಾಶಯಕ್ಕೆ ಆದ ಹಾನಿ ಕ್ಯಾನ್ಸರ್ ಚಿಕಿತ್ಸೆಯಿಂದ ಆದದ್ದು ಅಂತ ನಿಮ್ಮ ಕ್ಯಾನ್ಸರ್ ಡಾಕ್ಟರ್ ಕೈಯಲ್ಲಿ ಪತ್ರ ಬರೆಸಿ, ಪರೀಕ್ಷೆಯ ರಿಪೋರ್ಟ್ ಲಗತ್ತಿಸಿ. ಸುಳ್ಳು ಬರೆಸಬೇಡಿ, ಬೇಕಾಗಿಯೂ ಇಲ್ಲ.

ನಮಗೆ ಮೊದಲ ಸಲ ಒಂದೇ ಸಾಲಿನ ಉತ್ತರ ಬಂತು, ಇದು ಪಾಲಿಸಿಯಲ್ಲಿ ಇಲ್ಲ ಅಂತ. ಎರಡನೇ ಸಲ ಬಿಲ್ಲನ್ನು ಬಿಡಿಸಿ ಕಳಿಸಿದೆವು. ಐವಿಎಫ್‌ಗೆ ಒಂದು ಕಾಸೂ ಬರಲಿಲ್ಲ. ಹಾರ್ಮೋನ್ ಪರೀಕ್ಷೆ, ಎಕೋ, ಒಂದು ಸ್ಕ್ಯಾನ್, ಇವು ಕ್ಯಾನ್ಸರ್ ನಂತರದ ತಪಾಸಣೆ ಅಂತ ಒಪ್ಪಿ ಕೊಟ್ಟರು. ದೊಡ್ಡ ಮೊತ್ತವೇನಲ್ಲ. ಆ ತಿಂಗಳ ಮನೆ ಬಾಡಿಗೆ ಹೊರಡುವಷ್ಟು. ಗಂಡನ ಆಫೀಸಿನ ಇನ್ಶೂರೆನ್ಸನ್ನೂ ತೆಗೆದು ಓದಿ, ನಿಮ್ಮದಕ್ಕಿಂತ ಅದು ಬೇರೆ ಇರಬಹುದು. ಕ್ಯಾನ್ಸರ್ ಆದವರಿಗೆ ರಿಯಾಯಿತಿ ಕೊಡುವ ಕ್ಲಿನಿಕ್‌ಗಳು, ಔಷಧಿ ಕಂಪನಿಗಳು ಇವೆ. ಆದರೆ ಕೇಳಿದವರಿಗೆ ಮಾತ್ರ. ಕೀಮೋ ಆಗಿದೆ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಲು ನನಗೆ ಮೂರು ಭೇಟಿ ಬೇಕಾಯಿತು. ಹೇಳಿದ ದಿನವೇ ಸ್ವಲ್ಪ ಇಳಿಸಿದರು.

ಈಗ ನಮ್ಮ ಸಾಲದ ಕಥೆ. ನನಗೆ 31ರಲ್ಲಿ ಲಿಂಫೋಮಾ ಅನ್ನೋ ರಕ್ತದ ಕ್ಯಾನ್ಸರ್ ಬಂತು. ಕೀಮೋಗೆ ಎರಡು ವಾರ ಇತ್ತು, ಒಂಬತ್ತು ಅಂಡಾಣು ತೆಗೆದಿಟ್ಟರು. ನಾಲ್ಕು ವರ್ಷದ ಮೇಲೆ ಕರಗಿಸಿದಾಗ ಏಳು ಉಳಿದಿದ್ದವು, ಕೊನೆಗೆ ಮೂರು ಎಂಬ್ರಿಯೋ ಆದವು. ಇಷ್ಟಕ್ಕೆ ಅಂತ ದುಡ್ಡು ಎತ್ತಿಟ್ಟಿದ್ದೆವು, ಇದರ ಮೇಲೆ ಇಲ್ಲ ಅಂತ ಇಬ್ಬರೂ ಮಾತಾಡಿಕೊಂಡೂ ಇದ್ದೆವು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ನಿಂತಿತು, ಎಂಟನೇ ವಾರದಲ್ಲಿ ಹೋಯಿತು.

ಅದಾದ ಹದಿನೈದು ದಿನಕ್ಕೆ ಕ್ಲಿನಿಕ್‌ನಿಂದ ಸಲಹೆ ಬಂತು. ವಯಸ್ಸು ಏರುತ್ತಿದೆ, ಇನ್ನೊಂದು ಸಲ ಹೊಸದಾಗಿ ಅಂಡಾಣು ತೆಗೆದು ಕೂಡಿಟ್ಟುಕೊಳ್ಳಿ ಅಂತ. ನನ್ನ ಎಎಂಎಚ್ ನೆಲ ಕಚ್ಚಿತ್ತು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮೂರನೇ ಎಂಬ್ರಿಯೋ ಅಲ್ಲೇ ಇತ್ತು. 31ನೇ ವಯಸ್ಸಿನ ಅಂಡಾಣುವಿನದು, ಕೀಮೋ ಸೋಕದ್ದು. ಫ್ರೀಜರಿನಲ್ಲಿರುವುದಕ್ಕೆ ವಯಸ್ಸಾಗುವುದಿಲ್ಲ. ಆತುರಕ್ಕೆ ಯಾವ ಕಾರಣವೂ ಇರಲಿಲ್ಲ. ಆದರೂ ಅಳುತ್ತಾ ಕೂತಿದ್ದವಳಿಗೆ ‘ಏನಾದರೂ ಮಾಡುತ್ತಿದ್ದೇವೆ’ ಅನ್ನುವುದೇ ದೊಡ್ಡದಾಗಿ ಕಂಡಿತು. ಸಾಲ ತೆಗೆದೆವು. ಸಿಕ್ಕಿದ್ದು ಎರಡು ಅಂಡಾಣು. ಎಂಬ್ರಿಯೋ ಒಂದೂ ಆಗಲಿಲ್ಲ. ಕಂತು ಮಾತ್ರ ಮೂರು ವರ್ಷದ್ದು.

ಹಾಗಾಗಿ ನಿಮ್ಮ ಪ್ರಶ್ನೆಗೆ ನಾನು ಹೀಗೆ ಹೇಳುತ್ತೇನೆ. ಎಎಂಎಚ್, ಸ್ಕ್ಯಾನ್ ಎರಡೂ ಪರವಾಗಿಲ್ಲ ಅಂತ ಬಂದು, ಸಹಜವಾಗಿ ಪ್ರಯತ್ನಿಸಬಹುದು ಅಂತ ಡಾಕ್ಟರ್ ಅಂದರೆ ಮೊದಲು ಅದನ್ನೇ ನೋಡಿ, ಈಗಲೇ ಸಾಲ ಬೇಡ. ಐವಿಎಫ್ ಬೇಕು, ಅಂಡಾಣು ಸಿಗುವ ಲಕ್ಷಣವೂ ಇದೆ ಅಂದರೆ ಒಂದು ಪ್ರಯತ್ನಕ್ಕೆ, ಎರಡು ವರ್ಷದೊಳಗೆ ತೀರುವಷ್ಟು ಸಾಲ ಮಾಡಿದರೆ ನಾನಂತೂ ತಪ್ಪು ಅನ್ನುವುದಿಲ್ಲ. ಅಂಡಾಣು ತೀರಾ ಕಡಿಮೆ ಅಂತ ಬಂದರೆ, ಸ್ವಂತ ಅಂಡಾಣುವಿನ ಐವಿಎಫ್‌ಗೆ ಸಾಲ ಬೇಡವೇ ಬೇಡ. ಬೇರೆಯವರ ಅಂಡಾಣು ಪಡೆಯುವ ದಾರಿ ನಿಮ್ಮಿಬ್ಬರ ಮನಸ್ಸಿಗೆ ಒಪ್ಪುತ್ತದಾ ಅಂತ ಆಗಲೇ ಕೂತು ಮಾತಾಡಿ, ಅಲ್ಲಿ ಲೆಕ್ಕಕ್ಕೆ ಬರುವುದು ಕೊಡುವವರ ವಯಸ್ಸು, ನಿಮ್ಮದಲ್ಲ. ಯಾವ ದಾರಿಯಾದರೂ ಎಷ್ಟಕ್ಕೆ ನಿಲ್ಲುತ್ತೀರಿ ಅನ್ನುವುದನ್ನು ಈಗಲೇ ಕಾಗದದಲ್ಲಿ ಬರೆದು, ನಂಬಿಕೆಯ ಮೂರನೆಯವರೊಬ್ಬರ ಕೈಗೆ ಕೊಡಿ. ನಾವು ಬರೀ ಬಾಯಲ್ಲಿ ಹೇಳಿಕೊಂಡಿದ್ದೆವು. ಹಾಗೆ ಹೇಳಿಕೊಂಡದ್ದು ಆ ಎಂಟನೇ ವಾರದ ಮುಂದೆ ನಿಲ್ಲಲಿಲ್ಲ.

ನಮ್ಮ ಸಾಲಕ್ಕೆ ಇನ್ನು ನಾಲ್ಕು ಕಂತು ಬಾಕಿ ಇದೆ. ಮೂರನೇ ಎಂಬ್ರಿಯೋ ಇನ್ನೂ ಫ್ರೀಜರಿನಲ್ಲೇ ಇದೆ, ಅದರ ಈ ವರ್ಷದ ಬಾಡಿಗೆ ಮೊನ್ನೆ ಕಟ್ಟಿದೆವು. ಕಂತು ಮುಗಿದ ಮೇಲೆ ಹೋಗೋಣ ಅಂತಿದ್ದೇವೆ. ನಿಮ್ಮ ಎಎಂಎಚ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ. ಬಿಲ್ಲಿನಲ್ಲಿ ಏನೇನು ಸೇರಿಲ್ಲ ಅಂತ ಕೇಳಬೇಕಾದ ಪಟ್ಟಿ ನನ್ನ ಹತ್ತಿರ ಇದೆ, ಟೈಪ್ ಮಾಡಿ ಹಾಕುತ್ತೇನೆ.