ಒಂಬತ್ತಕ್ಕೆ ಗೇಟು ಬೀಳುವ ಊರಿನಿಂದ

ರಾತ್ರಿ ರಸ್ತೆ ಮುಚ್ಚಿದರೆ ನಿಮ್ಮ ಕಡೆ ಊರು ಉದ್ಧಾರ ಆಗೋದು ಹೇಗೆ ಅಂತ ಕೇಳಿದ್ದೀರಿ. ನಾನು ಗುಂಡ್ಲುಪೇಟೆ ಕಡೆಯವನು. ನಮ್ಮ ಹೊಲ ದಾಟಿದರೆ ಬಂಡೀಪುರದ ಕಾಡು.

ಆ ಕಾಡಿನೊಳಗೆ ಹೋಗುವ ಊಟಿ ರಸ್ತೆ, ಸುಲ್ತಾನ್ ಬತ್ತೇರಿ ರಸ್ತೆ ಎರಡೂ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಅಂತ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಂಬುಲೆನ್ಸ್, ಕೆಲವು ಸರ್ಕಾರಿ ಬಸ್ಸು ಮಾತ್ರ ಬಿಡುತ್ತಾರೆ. ತಡವಾದರೆ ಕೇರಳದ ವಯನಾಡಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಬೇಕು. ವಯನಾಡಿನವರ ಸಿಟ್ಟು ಸುಮ್ನೆ ಅಲ್ಲ, ಮೈಸೂರಿಗೆ ಅವರ ನೇರ ದಾರಿ ಈ ಬತ್ತೇರಿ ರಸ್ತೆಯೇ. ನಮ್ಮ ತರಕಾರಿ ಕೇರಳಕ್ಕೆ ಹೋಗುವುದೂ ಇದೇ ದಾರಿಯಲ್ಲಿ. ಆದರೆ ನಮ್ಮ ಲಾರಿಯವರು ಎಂಟೂವರೆಯ ಲೆಕ್ಕ ಎಂದೋ ಕಲಿತಿದ್ದಾರೆ.

ನಮಗೆ ಹಗಲಿನ ಕಾಟವೇ ಜಾಸ್ತಿ. ಶನಿವಾರ, ಭಾನುವಾರ ಕಾಡಿನ ಮಧ್ಯೆ ಕಾರು ನಿಲ್ಲಿಸಿ ಆನೆಗೆ ಚಿಪ್ಸ್ ಎಸೆಯುವವರನ್ನು ನೋಡಬೇಕು ನೀವು. ಲಾರಿ ಅಡ್ಡಗಟ್ಟಿ ತರಕಾರಿ ಎಳೆಯುವ ಆನೆಗಳೂ ಇವೆ. ರುಚಿ ಹತ್ತಿದ ಮೇಲೆ ಅದಕ್ಕೆ ರಸ್ತೆ ಯಾವುದು, ನಮ್ಮ ಬಾಳೆತೋಟ ಯಾವುದು? ಹೋದ ವರ್ಷ ತೋಟ ಕಾಯುವ ಅಟ್ಟಣೆಯಲ್ಲಿ ಟಾರ್ಚು, ಪಟಾಕಿ ಇಟ್ಟುಕೊಂಡು ಕೂತಿದ್ದೆ. ನಸುಕಿಗೆ ಸ್ವಲ್ಪ ಕಣ್ಣು ಹತ್ತಿತು, ಅಷ್ಟೇ. ಆನೆ ಸೋಲಾರ್ ಬೇಲಿಯ ತಂತಿಯ ಮೇಲೆ ಮರ ಕೆಡವಿ ಬಂದಿದೆ. ಬಾಳೆಯ ದಿಂಡು ಸಿಗಿದು ತಿಂದಿದೆ, ಗೊನೆಗಳು ಮಣ್ಣಲ್ಲಿ. ಪರಿಹಾರದ ಅರ್ಜಿಗೆ ಪಹಣಿ, ಫೋಟೊ ಅಂತ ನಾಲ್ಕು ಸಲ ಓಡಾಡಿದೆ. ಅದೇ ಆನೆ ನೋಡಲು ಪಕ್ಕದ ರೆಸಾರ್ಟಿನಲ್ಲಿ ಸಾವಿರಗಟ್ಟಲೆ ಕೊಡುತ್ತಾರೆ. ಅದರಲ್ಲಿ ನಮ್ಮ ಅಟ್ಟಣೆಗೆ ಒಂದು ರೂಪಾಯಿಯೂ ಬರುವುದಿಲ್ಲ.

ಎಲ್ಲವೂ ಹೀಗೇ ಅಂತಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ. ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಬಸ್ಸಿಗೆ ಕಾಯುವವರು ಅಲ್ಲೇ ಟೀ, ಚುರುಮುರಿ ಅಂತ ನಮ್ಮವರ ಕೈಗೆ ನಾಲ್ಕು ಕಾಸು ಕೊಡುತ್ತಾರೆ. ಬೆಟ್ಟದ ಮೇಲೆ ಹಾರನ್ ಗಲಾಟೆಯೂ ಕಡಿಮೆ.

ನೀವು ಬರುವುದಾದರೆ ಮಳೆಗಾಲದಲ್ಲಿ, ಚೆಂಡುಹೂ ಬಿಟ್ಟಾಗ ಬನ್ನಿ. ಬಣ್ಣ ತೆಗೆಯಲು ಬೆಳೆಯುವ ಹೂ ಅದು, ರಸ್ತೆಯ ಎರಡೂ ಕಡೆ ಕಿತ್ತಳೆ ಬಣ್ಣ. ಹೊಲಕ್ಕಿಳಿದು ಫೋಟೊ ತೆಗೆಯಲು ರೈತ ದುಡ್ಡು ಕೇಳಿದರೆ ಚೌಕಾಸಿ ಮಾಡಬೇಡಿ. ಬತ್ತೇರಿ ಕಡೆ ಹೋಗುವುದಿದ್ದರೆ ಮದ್ದೂರು ಚೆಕ್‌ಪೋಸ್ಟನ್ನು (ವಡೆಯ ಮದ್ದೂರಲ್ಲ, ಇದು ಬೇರೆ) ಎಂಟರೊಳಗೆ ದಾಟಿಬಿಡಿ.