ಅಟ್ರಿಬ್ಯೂಟ್ ಬಿದ್ದುಹೋದರೂ ಪ್ರೋಗ್ರಾಂ ಸರಿ ಇರಬೇಕು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಕಂಪೈಲರ್

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: ‘ಅಟ್ರಿಬ್ಯೂಟ್ ಹಾಕಿದೆ, ಕೋಡ್ ಕೆಟ್ಟಿತು.’ ಅಟ್ರಿಬ್ಯೂಟ್ ಎಂದರೆ ಫಂಕ್ಷನ್‌ಗೆ ಅಂಟಿಸುವ, ಕಂಪೈಲರ್ ಓದುವ ಚೀಟಿ; ಐಆರ್ ಎಂದರೆ ಕಂಪೈಲರ್ ಒಳಗಿನ ಮಧ್ಯಂತರ ಕೋಡ್; ಪಾಸ್ ಎಂದರೆ ಆ ಕೋಡನ್ನು ನೋಡಿ ಬದಲಿಸುವ ಒಂದು ಹಂತ. ಅದಕ್ಕಿಂತ ಹೆಚ್ಚು ಇಲ್ಲಿ ಹೇಳಿಕೊಡುವುದಿಲ್ಲ.

ಸರ್, ನಮ್ಮ ಪ್ರಾಜೆಕ್ಟಿನ ಚಿಪ್‌ಗೆ ಎಲ್‌ಎಲ್‌ವಿಎಂ (ಕಂಪೈಲರ್ ಕಟ್ಟುವ ಚೌಕಟ್ಟು) ಬ್ಯಾಕೆಂಡ್, ಅಂದರೆ ಚಿಪ್‌ನ ಕೋಡ್ ಹುಟ್ಟಿಸುವ ಭಾಗ, ಬರೆಯುತ್ತಿದ್ದೇವೆ. ಥ್ರೆಡ್‌ಗಳೆಲ್ಲ ಒಟ್ಟಿಗೆ ಬಂದು ನಿಲ್ಲಬೇಕಾದ ಬ್ಯಾರಿಯರ್ ಫಂಕ್ಷನ್ ಒಂದು ಉಂಟು. ಅದನ್ನು ಕದಲಿಸಬಾರದು ಎಂದು ನಮ್ಮದೇ ಸ್ಟ್ರಿಂಗ್ ಅಟ್ರಿಬ್ಯೂಟ್ ಹಾಕಿದೆವು. ಓ0ಯಲ್ಲಿ (ಆಪ್ಟಿಮೈಸೇಶನ್ ಇಲ್ಲದೆ) ಸರಿ, ಓ2ನಲ್ಲಿ (ಆಪ್ಟಿಮೈಸೇಶನ್ ಜೊತೆ) ಹ್ಯಾಂಗ್. ಇದು ಎಲ್‌ಎಲ್‌ವಿಎಂನ ಬಗ್ ಅಲ್ಲವೇ? (ಸುರತ್ಕಲ್‌ನ ವಿದ್ಯಾರ್ಥಿಗಳು)

ಅಲ್ಲ, ನಿಮ್ಮದು. ಆ ಸ್ಟ್ರಿಂಗನ್ನು ಓದುವವರು ಯಾರು ಮಾರಾಯ್ರೇ? ಜಂಪ್ ಥ್ರೆಡಿಂಗ್ ಎಂಬ ಪಾಸ್‌ಗೆ ಅದರ ಹೆಸರೇ ಗೊತ್ತಿಲ್ಲ, ಕಾಲ್ ಇದ್ದಲ್ಲಿಗೆ ಫಂಕ್ಷನ್‌ನ ಬಾಡಿಯನ್ನೇ ತಂದಿಡುವ ಇನ್‌ಲೈನರ್‌ಗೂ ಗೊತ್ತಿಲ್ಲ. ಗೊತ್ತಿಲ್ಲದ ಸ್ಟ್ರಿಂಗ್ ಸಿಕ್ಕಿದರೆ ಐಆರ್ ಸರಿಯಿದೆಯೇ ಎಂದು ನೋಡುವ ವೆರಿಫೈಯರ್ ತುಟಿ ಬಿಚ್ಚುವುದಿಲ್ಲ. ಕಾಗುಣಿತ ತಪ್ಪಿದ್ದರೂ ಎಚ್ಚರಿಕೆ ಬರುವುದಿಲ್ಲ.

ಹೊಸ ಅಟ್ರಿಬ್ಯೂಟ್‌ಗೆ ಹೆಸರಿಡುವ ಮೊದಲು ಮಾಡಬೇಕಾದ ಪರೀಕ್ಷೆ ಒಂದೇ. ಯಾವುದೋ ಒಂದು ಪಾಸ್ ಅದನ್ನು ಉದುರಿಸಿಬಿಟ್ಟಿತು ಎಂದಿಟ್ಟುಕೊಳ್ಳಿ. ಪ್ರೋಗ್ರಾಂ ನಿಧಾನವಾದರೆ ವಿನ್ಯಾಸ ಸರಿ ಇದೆ. ತಪ್ಪು ಉತ್ತರ ಕೊಟ್ಟರೆ ಅಟ್ರಿಬ್ಯೂಟ್‌ನ ದಿಕ್ಕೇ ಉಲ್ಟಾ. ನೋಅನ್‌ವೈಂಡ್ (ಎಕ್ಸೆಪ್ಶನ್ ಎಸೆಯುವುದಿಲ್ಲ), ವಿಲ್‌ರಿಟರ್ನ್ (ಮರಳಿ ಬರುತ್ತದೆ), ನೋಸಿಂಕ್ (ಬೇರೆ ಥ್ರೆಡ್ ಜೊತೆ ಸಿಂಕ್ ಮಾಡುವುದಿಲ್ಲ) ಇವೆಲ್ಲ ಆಪ್ಟಿಮೈಸರ್‌ಗೆ ಕೊಡುವ ಅನುಮತಿಗಳು. ಕಳೆದುಹೋದರೆ ವೇಗ ಮಾತ್ರ ಹೋಗುತ್ತದೆ. ನಿಮ್ಮದು ನಿಷೇಧ. ಮಳೆಗಾಲದಲ್ಲಿ ಪಣಂಬೂರು ಬೀಚಿನ ಕೆಂಪು ಬಾವುಟ ಗಾಳಿಗೆ ಹಾರಿಹೋದ ಹಾಗೆ, ಅದು ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ, ಜನ ನೀರಿಗಿಳಿದಿರುತ್ತಾರೆ.

ನಿಮ್ಮ ಹ್ಯಾಂಗ್ ಆದದ್ದು ಹೀಗೆ. ಬ್ಯಾರಿಯರ್‌ನ ಹಿಂದೆ ಒಂದು ಇಫ್, ಮುಂದೆ ಅದೇ ಷರತ್ತಿನ ಇನ್ನೊಂದು ಇಫ್. ಷರತ್ತನ್ನು ಎರಡು ಸಲ ಯಾಕೆ ನೋಡಬೇಕೆಂದು ಜಂಪ್ ಥ್ರೆಡಿಂಗ್ ನಡುವಿನ ಬ್ಲಾಕನ್ನು ಎರಡು ಪ್ರತಿ ಮಾಡಿತು. ಈಗ ಬ್ಯಾರಿಯರ್ ಎರಡು. ಷರತ್ತು ನಿಜವಾದ ಥ್ರೆಡ್‌ಗಳು ಒಂದರಲ್ಲಿ ನಿಂತವು, ಉಳಿದವು ಇನ್ನೊಂದರಲ್ಲಿ. ಎರಡು ಗುಂಪೂ ಕಾಯುತ್ತಲೇ ಇವೆ.

ಇದನ್ನು ತಡೆಯಲು ಎಲ್‌ಎಲ್‌ವಿಎಂನಲ್ಲಿ ಕನ್ವರ್ಜೆಂಟ್ ಎಂಬ ಅಟ್ರಿಬ್ಯೂಟ್ ಮೊದಲೇ ಉಂಟು. ಅದೂ ಉಲ್ಟಾ ದಿಕ್ಕಿನದ್ದೇ: ಫ್ರಂಟೆಂಡ್ (ಸೋರ್ಸನ್ನು ಐಆರ್ ಮಾಡುವ ಭಾಗ) ಹಾಕಲು ಮರೆತರೆ ಕೋಡ್ ಕೆಡುತ್ತದೆ. ಹಾಗಾಗಿ ಎಲ್‌ಎಲ್‌ವಿಎಂನ ಸಿ, ಸಿ++ ಫ್ರಂಟೆಂಡ್ ಆದ ಕ್ಲ್ಯಾಂಗ್, ಜಿಪಿಯುವಿನಂಥ ಚಿಪ್‌ಗಳಿಗೆ ಬರೆಯುವ ಓಪನ್‌ಸಿಎಲ್‌ನಲ್ಲೂ ಕುಡಾದ ಡಿವೈಸ್ ಕೋಡ್‌ನಲ್ಲೂ ಮೊದಲು ಎಲ್ಲ ಫಂಕ್ಷನ್‌ಗೂ ಅದನ್ನು ಹಾಕಿಬಿಡುತ್ತದೆ. ಬೇಡವೆಂದು ಸಾಬೀತಾದಲ್ಲಿ ಫಂಕ್ಷನ್‌ಆಟ್ರ್ಸ್ ಪಾಸ್ ತೆಗೆಯುತ್ತದೆ. ನೀವು ಸ್ವಂತ ಐಆರ್ ಕಟ್ಟುವುದಾದರೆ ಈ ಉಪದ್ರ ಕಟ್ಟಿಕೊಳ್ಳಬೇಡಿ. ಏನೂ ಬರೆಯದಿದ್ದರೆ ಬಿಗಿ, ಬರೆದರೆ ಸಡಿಲ ಎಂದಿರಲಿ.

ಸದ್ಯಕ್ಕೆ ಬ್ಯಾರಿಯರನ್ನು ಟಾರ್ಗೆಟ್ ಇಂಟ್ರಿನ್ಸಿಕ್ (ನಿಮ್ಮ ಚಿಪ್‌ಗೆಂದೇ ಕಂಪೈಲರ್ ಗುರುತಿಸುವ ಫಂಕ್ಷನ್) ಮಾಡಿ. ಕನ್ವರ್ಜೆಂಟ್ ಮತ್ತು ನೋಅನ್‌ವೈಂಡ್ ಹಾಕಿ. ಮೆಮೊರಿ ಅಟ್ರಿಬ್ಯೂಟ್ ಹಾಕಲೇಬೇಡಿ. ‘ಹೊರಗೆ ಕಾಣದ ಮೆಮೊರಿ ಮಾತ್ರ ಮುಟ್ಟುತ್ತದೆ’ ಎಂಬ ಇನ್‌ಆಕ್ಸೆಸಿಬಲ್‌ಮೆಮ್ ಹಾಕುವ ಜಾಣರಿದ್ದಾರೆ. ಹಾಗೆ ಮಾಡಿದರೆ ಶೇರ್ಡ್ ಮೆಮೊರಿಯ ಸ್ಟೋರ್ ಬ್ಯಾರಿಯರ್ ದಾಟಿ ಆಚೆಗೆ ಹೋಗುತ್ತದೆ, ಆಮೇಲೆ ವಾರಗಟ್ಟಲೆ ಹುಡುಕಬೇಕು. ನೋಸಿಂಕ್ ಕೂಡ ಬೇಡ, ಬ್ಯಾರಿಯರ್ ಇರುವುದೇ ಸಿಂಕ್ ಮಾಡಲು. ನೋಡೂಪ್ಲಿಕೇಟ್ (ಈ ಕಾಲನ್ನು ಪ್ರತಿ ಮಾಡಬೇಡ) ಹಾಕಿದರೆ ಹ್ಯಾಂಗ್ ನಿಲ್ಲಬಹುದು, ಜೊತೆಗೆ ಲೂಪಿನ ಬಾಡಿಯನ್ನು ಪ್ರತಿ ಮಾಡಿ ಬಿಡಿಸುವ ಅನ್‌ರೋಲಿಂಗೂ ನಿಲ್ಲುತ್ತದೆ. ಇನ್‌ಲೈನ್ ಅಸೆಂಬ್ಲಿಯಲ್ಲೇ ಬರೆಯುವ ಹಟವಿದ್ದರೆ ಸೈಡ್‌ಎಫೆಕ್ಟ್ (ಅಳಿಸಬೇಡ), ಮೆಮೊರಿ ಕ್ಲಾಬರ್ (ಮೆಮೊರಿ ಬದಲಾಗಬಹುದು) ಎರಡೂ ಇರಲಿ. ಕನ್ವರ್ಜೆಂಟನ್ನು ಆ ಅಸೆಂಬ್ಲಿ ಕಾಲ್‌ನ ಮೇಲೆಯೇ ಹಾಕಿ. ಸುತ್ತಲಿನ ಫಂಕ್ಷನ್‌ಗೆ ಮಾತ್ರ ಹಾಕಿದರೆ ಅದು ಇನ್‌ಲೈನ್ ಆದ ಕ್ಷಣವೇ ಮಾಯ.

ಇನ್‌ಲೈನಿಂಗ್ ವಿಷಯ ಬಂತಲ್ಲ, ಅದೂ ವಿನ್ಯಾಸದ ಭಾಗವೇ. ಕರೆದ ಫಂಕ್ಷನ್, ಕರೆಸಿಕೊಂಡ ಫಂಕ್ಷನ್ ಒಂದಾದಾಗ ಏನಾಗಬೇಕೆಂದು ಅಟ್ರಿಬ್ಯೂಟ್‌ಗಳ ಪಟ್ಟಿ ಇರುವ ಟೇಬಲ್‌ಜೆನ್ (ಎಲ್‌ಎಲ್‌ವಿಎಂನದ್ದೇ ವಿವರಣಾ ಭಾಷೆ) ಫೈಲಿನಲ್ಲಿ ಮರ್ಜ್ ರೂಲ್ ಬರೆಯಬೇಕು. ಬಾಡಿಯಲ್ಲಿರುವ ಎಲ್ಲ ಕೋಡ್‌ಗೆ ಅನ್ವಯಿಸುವ ಅನುಮತಿ ಎರಡೂ ಕಡೆ ಇದ್ದರೆ ಮಾತ್ರ ಉಳಿಯಲಿ. ನಿಷೇಧ ಒಂದು ಕಡೆ ಇದ್ದರೂ ಅಂಟಿಕೊಳ್ಳಲಿ: ನೋಇಂಪ್ಲಿಸಿಟ್‌ಫ್ಲೋಟ್ (ಕೇಳದೆ ಫ್ಲೋಟ್ ಸೂಚನೆ ಬಳಸಬೇಡ) ಹಾಗೆಯೇ ನಡೆಯುತ್ತದೆ. ಎರಡೂ ಹೊಂದದಿದ್ದರೆ ಇನ್‌ಲೈನಿಂಗನ್ನೇ ತಡೆಯಿರಿ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್‌ನ ಅಟ್ರಿಬ್ಯೂಟ್ ಎರಡೂ ಕಡೆ ಒಂದೇ ಇರಬೇಕೆಂಬ ರೂಲ್ ಅದಕ್ಕೇ.

ಹೆಡರ್‌ನಲ್ಲಿರುವ ಇನ್‌ಲೈನ್ ಫಂಕ್ಷನ್ ಮೆಮೊರಿ ಮುಟ್ಟುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಎಲ್‌ಎಲ್‌ವಿಎಂ ಯಾಕೆ ಅದನ್ನು ಊಹಿಸುವುದಿಲ್ಲ? (ಉಡುಪಿ)

ನಿಮ್ಮ ಕಣ್ಣಿಗೆ ಕಾಣುವುದು ಒಂದು ಪ್ರತಿ ಮಾತ್ರ. ಅದು ಲಿಂಕ್‌ಒನ್ಸ್ ಓಡಿಆರ್, ಅಂದರೆ ಬಳಸಿದ ಪ್ರತಿ ಫೈಲಿನಲ್ಲೂ ಒಂದು ಪ್ರತಿ ಇದ್ದು, ಕೊನೆಗೆ ಒಂದೇ ಉಳಿಯುವಂಥದ್ದು. ಕೊನೆಗೆ ಲಿಂಕರ್ ಬೇರೆ ಫೈಲಿನ ಪ್ರತಿಯನ್ನು ಆರಿಸಬಹುದು. ನಿಮ್ಮ ಪ್ರತಿಯಲ್ಲಿ ಬೇಡದ ಒಂದು ಲೋಡ್ ಅಳಿಸಿಹೋಗಿರುತ್ತದೆ, ಆ ಇನ್ನೊಂದರಲ್ಲಿ ಉಳಿದಿರುತ್ತದೆ. ಮೆಮೊರಿ ಮುಟ್ಟುವುದಿಲ್ಲ ಎಂದು ನಂಬಿ ಕಾಲನ್ನು ಆ ಮೆಮೊರಿ ಫ್ರೀ ಆದ (ವಾಪಸ್ ಕೊಟ್ಟ) ನಂತರಕ್ಕೆ ಸರಿಸಿದರೆ, ಓಡುವಾಗ ಆ ಲೋಡ್ ಫ್ರೀ ಆದ ಜಾಗವನ್ನು ಓದುತ್ತದೆ. ಫಂಕ್ಷನನ್ನು ಸ್ಟ್ಯಾಟಿಕ್ (ಆ ಫೈಲಿಗೇ ಸೀಮಿತ) ಮಾಡಿ, ಊಹೆ ತಾನೇ ಬರುತ್ತದೆ.

ರೀಡ್‌ಓನ್ಲಿ (ಮೆಮೊರಿ ಓದುತ್ತದೆ, ಬರೆಯುವುದಿಲ್ಲ) ಹಾಕಿದರೂ, ಉತ್ತರ ಬಳಸದ ಕಾಲ್ ಅಳಿಯುವುದಿಲ್ಲ. (ಕುಂದಾಪುರ)

ನೋಅನ್‌ವೈಂಡ್, ವಿಲ್‌ರಿಟರ್ನ್ ಎಲ್ಲಿ? ಎಕ್ಸೆಪ್ಶನ್ ಎಸೆಯಬಹುದಾದ, ಮರಳದೇ ಇರಬಹುದಾದ ಕಾಲನ್ನು ಯಾರೂ ಅಳಿಸುವುದಿಲ್ಲ. ಅಂದಹಾಗೆ 2023ರ ಎಲ್‌ಎಲ್‌ವಿಎಂ 16ರಿಂದ ಫಂಕ್ಷನ್ ಮೇಲೆ ರೀಡ್‌ಓನ್ಲಿಯನ್ನು ಮೆಮೊರಿ(ರೀಡ್) ಎಂದು ಬರೆಯುತ್ತಾರೆ. ಹಳೇ ನೋಟ್ಸ್ ಬಿಸಾಡಿ.

ಕ್ಲ್ಯಾಂಗ್‌ನ ಓ0 ಐಆರ್ ಮೇಲೆ ಆಪ್ಟ್ (ಐಆರ್ ಮೇಲೆ ಪಾಸ್ ಓಡಿಸುವ ಸಾಧನ) ಓಡಿಸಿದರೆ ಎಂತದ್ದೂ ಬದಲಾಗುವುದಿಲ್ಲ. (ಮಣಿಪಾಲ)

ಪ್ರತಿ ಫಂಕ್ಷನ್ ಮೇಲೂ ಆಪ್ಟ್‌ನನ್ (ಆಪ್ಟಿಮೈಸ್ ಮಾಡಬೇಡ) ಕೂತಿದೆ. ಎಕ್ಸ್‌ಕ್ಲ್ಯಾಂಗ್ ಮೂಲಕ ಡಿಸೇಬಲ್-ಓ0-ಆಪ್ಟ್‌ನನ್ ಕೊಡಿ.

ಎಲ್ಲ ಫಂಕ್ಷನ್‌ಗೂ ಪ್ಯೂರ್ (ಉತ್ತರ ಕೊಡುವುದು ಬಿಟ್ಟು ಹೊರಗೆ ಏನೂ ಬದಲಿಸುವುದಿಲ್ಲ) ಹಾಕಿದರೆ ವೇಗ ಹೆಚ್ಚುತ್ತದೆ ಎಂದು ಕೋಚಿಂಗ್‌ನಲ್ಲಿ ಹೇಳಿದರು. (ಬಜ್ಪೆ)

ಹೇಳಿದವರಿಗೆ ಕಂಪೈಲರ್ ಗೊತ್ತಿಲ್ಲ. ಒಳಗೆ ಗ್ಲೋಬಲ್ ಕೌಂಟರ್ ಏರಿಸುವ ಫಂಕ್ಷನ್‌ಗೆ ಪ್ಯೂರ್ ಹಾಕಿ, ಒಂದೇ ಆರ್ಗ್ಯುಮೆಂಟ್ ಕೊಟ್ಟು ಬೆನ್ನುಬೆನ್ನಿಗೆ ಎರಡು ಸಲ ಕರೆದು, ಬಂದ ಉತ್ತರ ಬಳಸಿ, ಓ2ನಲ್ಲಿ ನೋಡಿ. ಇನ್‌ಲೈನ್ ಆಗದ ಹಾಗೆ ಅದು ಬೇರೆ ಫೈಲಿನಲ್ಲಿರಲಿ. ಎರಡು ಕಾಲ್ ಒಂದಾಗಿ, ಕೌಂಟರ್ 1ಕ್ಕೇ ನಿಂತಿರುತ್ತದೆ.