ಪೆರ್ಹೆಂತಿಯಾನ್ ದ್ವೀಪದಲ್ಲಿ ಸ್ನಾರ್ಕೆಲಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿಬ್ಬರು ಗೆಳೆಯರು ಕಡಿಮೆ ಖರ್ಚಿನಲ್ಲಿ ಐದಾರು ದಿನ ಮಲೇಷ್ಯಾದ ಪೆರ್ಹೆಂತಿಯಾನ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಡಿಸೆಂಬರ್ ರಜೆಯಲ್ಲಿ ಹೋಗಬಹುದೇ? ಎಲ್ಲಿ ಉಳಿಯುವುದು ಒಳ್ಳೆಯದು?
– ಓದುಗರು, ಹಾಸನ

ಉತ್ತರ: ಡಿಸೆಂಬರ್ ಖಂಡಿತ ಬೇಡ. ನವೆಂಬರ್‌ನಿಂದ ಫೆಬ್ರುವರಿವರೆಗೆ ಆ ಕರಾವಳಿಯಲ್ಲಿ ಈಶಾನ್ಯ ಮಾರುತದ ಕಾಲ. ಕಡಲು ಕದಡಿರುತ್ತದೆ, ಬೋಟುಗಳು ನಿಲ್ಲುತ್ತವೆ, ಹೆಚ್ಚಿನ ವಸತಿಗಳು ಬಾಗಿಲು ಹಾಕುತ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲ ಸರಿಯಾದದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಜನಜಂಗುಳಿ ಇರುತ್ತದೆ, ರೂಮಿನ ದರವೂ ಏರುತ್ತದೆ. ನಿಮ್ಮ ಬಜೆಟ್‌ಗೆ ಮೇ ಅಥವಾ ಸೆಪ್ಟೆಂಬರ್ ಹೊಂದುತ್ತದೆ.

ಕ್ವಾಲಾಲಂಪುರದಿಂದ ಕೋಟಾ ಭಾರುವಿಗೆ ಒಂದು ಗಂಟೆಯ ವಿಮಾನ, ಅಲ್ಲಿಂದ ಕ್ವಾಲಾ ಬೆಸುತ್ ಎಂಬ ಮೀನುಗಾರಿಕೆ ಊರಿಗೆ ಟ್ಯಾಕ್ಸಿಯಲ್ಲಿ ಸುಮಾರು ಒಂದು ಗಂಟೆ. ರಾತ್ರಿ ಬಸ್ಸಿನಲ್ಲಿ ಹೋದರೆ ದುಡ್ಡು ಉಳಿಯುತ್ತದೆ, ಬೆಳಗಿನ ಬೋಟೂ ಸಿಗುತ್ತದೆ. ಸ್ಪೀಡ್‌ಬೋಟ್ ಮುಕ್ಕಾಲು ಗಂಟೆಯೊಳಗೆ ದ್ವೀಪ ಮುಟ್ಟಿಸುತ್ತದೆ. ಬೋಟಿನ ಮುಂಭಾಗದಲ್ಲಿ ಕೂರಬೇಡಿ. ಅಲೆಯ ಮೇಲಿಂದ ಮೂತಿ ದಬ್ ದಬ್ ಎಂದು ಬೀಳುವಾಗ ಪೆಟ್ಟೆಲ್ಲ ಸೊಂಟಕ್ಕೇ. ಬೆನ್ನುನೋವು ಇದ್ದವರು ಹಿಂದಿನ ಸೀಟು ಕೇಳಿ ಪಡೆಯಬೇಕು. ಮರೈನ್ ಪಾರ್ಕ್ ಶುಲ್ಕವನ್ನು ಟಿಕೆಟ್ ಹಣದಲ್ಲದೆ ಬೇರೆಯಾಗಿ ಕಟ್ಟಬೇಕು. ಐದು ದಿನಕ್ಕೆ ಬೇಕಾಗುವ ರಿಂಗಿಟ್ ನಗದನ್ನು ಕೋಟಾ ಭಾರುವಿನಲ್ಲೇ ತೆಗೆದಿಟ್ಟುಕೊಳ್ಳಿ. ದ್ವೀಪದಲ್ಲಿ ಎಟಿಎಂ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಮಲೇಷ್ಯಾದ ಡಿಜಿಟಲ್ ಆಗಮನ ಕಾರ್ಡನ್ನು ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಸರ್ಕಾರಿ ಜಾಲತಾಣದಲ್ಲೇ ತುಂಬಿ. ಅದು ಉಚಿತ, ಅದಕ್ಕೆ ಹಣ ಕೇಳುವ ತಾಣಗಳ ತಂಟೆಗೆ ಹೋಗಬೇಡಿ.

ಇಲ್ಲಿರುವುದು ಎರಡು ಮುಖ್ಯ ದ್ವೀಪ. ಬ್ಯಾಕ್‌ಪ್ಯಾಕರ್‌ಗಳದ್ದು ಚಿಕ್ಕದು, ಕೆಚಿಲ್. ಅದರ ಪೂರ್ವಕ್ಕೆ ಲಾಂಗ್ ಬೀಚ್: ಬಿಳಿ ಮರಳು, ಡಾರ್ಮಿಟರಿಗಳು, ರಾತ್ರಿ ಸಂಗೀತ. ಪಶ್ಚಿಮಕ್ಕೆ ಕೋರಲ್ ಬೇ: ಶಾಂತ ನೀರು, ಸೂರ್ಯಾಸ್ತ. ನಡುವೆ ಕಾಡುದಾರಿಯಲ್ಲಿ ಕಾಲು ಗಂಟೆಯ ನಡಿಗೆ. ನಿದ್ದೆ ಬೇಕಿದ್ದವರು ಕೋರಲ್ ಬೇ ಆರಿಸಿಕೊಳ್ಳುವುದೇ ಸರಿ.

ಪ್ರಶ್ನೆ: ಹಿಂದೊಮ್ಮೆ ಸ್ನಾರ್ಕೆಲಿಂಗ್‌ಗೆ (ಮಾಸ್ಕ್, ಉಸಿರುಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು) ಇಳಿದಾಗ ಮಾಸ್ಕಿನೊಳಗೆ ನೀರು ನುಗ್ಗಿತು, ಗಾಜು ಮಸುಕಾಯಿತು, ಗಾಬರಿಯಾಗಿ ಐದೇ ನಿಮಿಷಕ್ಕೆ ಮೇಲೆ ಬಂದೆ. ನನಗೆ ಮೀಸೆಯಿದೆ, ಕನ್ನಡಕವೂ ಇದೆ. ಈಜು ಅಷ್ಟಕ್ಕಷ್ಟೆ. ಮತ್ತೆ ಪ್ರಯತ್ನಿಸಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಪ್ರಯತ್ನಿಸಿ. ಇಂಥ ಗಾಬರಿಗೆ ಬಹುತೇಕ ಸಲ ಕಾರಣ ಮಾಸ್ಕ್; ನಿಮ್ಮ ಧೈರ್ಯವಲ್ಲ.

ಮೊದಲು ಅಳತೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖಕ್ಕೆ ಸರಿ. ಬಾಡಿಗೆ ಅಂಗಡಿಯಲ್ಲಿ ನಾಲ್ಕೈದನ್ನಾದರೂ ಹೀಗೆ ನೋಡದೆ ದುಡ್ಡು ಕೊಡಬೇಡಿ. ನೀರು ಸೋರುತ್ತಿದೆಯೆಂದು ಪಟ್ಟಿಯನ್ನು ಬಿಗಿ ಮಾಡುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಪಟ್ಟಿ ಕಿವಿಗಿಂತ ಮೇಲೆ, ತಲೆಯ ಹಿಂಬದಿಯ ಉಬ್ಬಿನ ಮೇಲೆ, ಜಾರದಷ್ಟು ಮಾತ್ರ ಬಿಗಿಯಾಗಿರಲಿ. ಅಂಚಿನಡಿ ಒಂದೇ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಸಾಕು, ನೀರಿಗೆ ದಾರಿಯಾಗುತ್ತದೆ. ಮೀಸೆಯನ್ನು ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಬುಡದಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗ ಬೋಳಿಸಿದರೆ ಅಂಚಿಗೆ ಚರ್ಮ ಸಿಗುತ್ತದೆ. ವ್ಯಾಸಲಿನ್ ಹಚ್ಚುವ ಉಪಾಯ ಬೇಡ, ಅದು ಸಿಲಿಕೋನನ್ನು ಹಾಳುಮಾಡುತ್ತದೆ.

ಮಸುಕಿಗೆ ಎರಡು ಕಾರಣ. ಹೊಸ ಮಾಸ್ಕಾದರೆ ತಯಾರಿಕೆಯ ಜಿಡ್ಡು ಗಾಜಿನ ಒಳಮೈಗೆ ಅಂಟಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಒಂದೆರಡು ನಿಮಿಷ ಉಜ್ಜಿ ತೊಳೆಯಿರಿ; ಎರಡು ಮೂರು ಸಲ ಹೀಗೆ ಮಾಡಬೇಕು. ಇದು ಗಾಜಿಗೆ ಮಾತ್ರ, ಪ್ಲಾಸ್ಟಿಕ್ ಆದರೆ ಗೀರು ಬೀಳುತ್ತದೆ. ಎರಡನೆಯದು, ಬಿಸಿಯುಸಿರು ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದು. ನೀರಿಗಿಳಿಯುವ ಮುನ್ನ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ಮಾತ್ರ ಸಮುದ್ರದ ನೀರಲ್ಲಿ ಅದ್ದಿ ತೆಗೆಯಿರಿ. ಶಾಂಪೂ ಇಲ್ಲವೆಂದರೆ ಉಗುಳೂ ಆಗುತ್ತದೆ. ಆಮೇಲೆ ಮಾಸ್ಕನ್ನು ಹಣೆಯ ಮೇಲೇರಿಸಿಕೊಂಡು ತಿರುಗಬೇಡಿ, ಹಣೆಯ ಶಾಖಕ್ಕೆ ಮತ್ತೆ ಮಸುಕಾಗುತ್ತದೆ.

ಕನ್ನಡಕದ ಮೇಲೆ ಮಾಸ್ಕ್ ಕೂರದು, ಕಡ್ಡಿಯ ಪಕ್ಕದಿಂದಲೇ ನೀರು ಬರುತ್ತದೆ. ಪವರ್ ಲೆನ್ಸ್ ಕೂರಿಸಿದ ಮಾಸ್ಕ್‌ಗಳು ಅರ್ಧ ಅರ್ಧ ಪವರಿನ ಅಂತರದಲ್ಲಿ ಸಿದ್ಧವಾಗಿ ಸಿಗುತ್ತವೆ. ನೀರಿನಲ್ಲಿ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ, ಕಡಿಮೆ ಪವರಿನವರಿಗೆ ಬರಿಗಣ್ಣೂ ನಡೆಯುತ್ತದೆ.

ಇಷ್ಟು ಮಾಡಿದರೂ ಸ್ವಲ್ಪ ನೀರು ಬಂದೇ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ತಲೆ ನೀರಿನಿಂದ ಮೇಲೆತ್ತಿ ಮಾಸ್ಕಿನ ಕೆಳ ಅಂಚನ್ನು ಎಳೆದರೆ ಸಾಕು. ಕೊಳವೆಗೆ ನೀರು ನುಗ್ಗಿದರೆ ಮಾತ್ರ ಉಸಿರೆಳೆಯಬಾರದು. ಬಾಯಲ್ಲಿರುವ ಗಾಳಿಯನ್ನೇ ‘ಥೂ’ ಎಂದು ಒಂದೇ ಏಟಿಗೆ ಊದಿ ಹೊರಹಾಕಬೇಕು. ಈ ಅಭ್ಯಾಸವನ್ನು ಊರಿನ ಈಜುಕೊಳದಲ್ಲಿ, ಎದೆಮಟ್ಟದ ನೀರಲ್ಲಿ ನಿಂತು ಮಾಡಿಕೊಂಡೇ ಹೊರಡಿ. ಲೈಫ್ ಜಾಕೆಟ್ ಬಿಡಬೇಡಿ, ಅದರ ಕೊಕ್ಕೆಗಳನ್ನೆಲ್ಲ ಹಾಕಿ. ಸಡಿಲ ಬಿಟ್ಟರೆ ಜಾಕೆಟ್ ಕುತ್ತಿಗೆಯವರೆಗೆ ಮೇಲೇರುತ್ತದೆ. ಮುಖವಿಡೀ ಮುಚ್ಚುವ ಮಾಸ್ಕನ್ನು ನಾವು ಸೂಚಿಸುವುದಿಲ್ಲ. ಬಿಟ್ಟ ಉಸಿರು ಪೂರ್ತಿ ಹೊರಹೋಗದ ಅಪಾಯವಿದೆ, ಗಾಬರಿಯಲ್ಲಿ ಥಟ್ಟನೆ ಕೀಳುವುದೂ ಕಷ್ಟ.

ಪ್ರಶ್ನೆ: ಬೋಟ್ ಪ್ರವಾಸದಲ್ಲಿ ಶಾರ್ಕ್ ತೋರಿಸುತ್ತಾರಂತೆ. ಮಕ್ಕಳೂ ಜೊತೆಗಿದ್ದಾರೆ, ಅಪಾಯವಿಲ್ಲವೇ?
– ಓದುಗರು, ಮೈಸೂರು

ಉತ್ತರ: ಶಾರ್ಕ್ ಪಾಯಿಂಟ್‌ನಲ್ಲಿ ಕಾಣುವುದು ಕಪ್ಪು ತುದಿಯ ರೆಕ್ಕೆಯ ಸಣ್ಣ ಹವಳದಿಬ್ಬದ ಶಾರ್ಕ್‌ಗಳು. ಜನರನ್ನು ಕಂಡರೆ ಅವೇ ದೂರ ಸರಿಯುತ್ತವೆ. ನಿಜಕ್ಕೂ ಎಚ್ಚರವಿರಬೇಕಾದದ್ದು ಟೈಟನ್ ಟ್ರಿಗರ್ ಫಿಶ್ ಬಗ್ಗೆ. ಮೊಳಕ್ಕೂ ಉದ್ದ, ಹಳದಿ-ಹಸಿರು ಮೈ, ಗಟ್ಟಿ ಹಲ್ಲು. ಮರಳಿನ ಗುಳಿಯಲ್ಲಿ ಮೊಟ್ಟೆ ಕಾಯುವಾಗ ಅದು ಯಾರನ್ನೂ ಬಿಡುವುದಿಲ್ಲ. ಬೆನ್ನ ಮೇಲಿನ ಮುಳ್ಳು ನಿಗುರಿ ನಿಂತರೆ ಅದು ಎಚ್ಚರಿಕೆ. ಗೂಡಿನಿಂದ ಮೇಲೆ ಹೋದಂತೆಲ್ಲ ಅದು ಕಾಯುವ ಜಾಗ ಅಗಲವಾಗುತ್ತದೆ, ಹಾಗಾಗಿ ನೇರ ಮೇಲಕ್ಕೆ ಏಳದೆ ಪಕ್ಕಕ್ಕೆ ಈಜಿ ಹೋಗಿ, ಕಾಲಿಗೆ ತೊಟ್ಟ ಫಿನ್ (ಈಜುರೆಕ್ಕೆ) ಅದರ ಕಡೆಗಿರಲಿ.

ಆಮೆಗಳ ವಿಷಯದಲ್ಲಿ ನಿಮ್ಮಿಂದ ಒಂದು ಉಪಕಾರ ಆಗಬೇಕು. ಹಸಿರು ಕಡಲಾಮೆ ಹುಲ್ಲು ಮೇಯ್ದು ಉಸಿರಿಗಾಗಿ ಮೇಲೆ ಬರುತ್ತದೆ. ಆಗ ಹತ್ತಾರು ಜನ ಕ್ಯಾಮೆರಾ ಹಿಡಿದು ಮೇಲೆ ಮುತ್ತಿದರೆ ಅದು ಉಸಿರು ತೆಗೆದುಕೊಳ್ಳದೆಯೇ ಮತ್ತೆ ಕೆಳಗಿಳಿಯುತ್ತದೆ. ನಾಲ್ಕೈದು ಮೀಟರ್ ದೂರದಲ್ಲಿ, ಅದರ ಪಕ್ಕಕ್ಕೆ ತೇಲುತ್ತಾ ನಿಲ್ಲಿ. ಮುಟ್ಟಬೇಡಿ ಎಂದು ಮಕ್ಕಳಿಗೆ ಬೋಟಿನಲ್ಲೇ ಹೇಳಿರಿ. ಮೀನಿಗೆ ಬ್ರೆಡ್ ಹಾಕುವುದೂ ಬೇಡ, ಹವಳದ ಮೇಲೆ ನಿಲ್ಲುವುದಂತೂ ಬೇಡವೇ ಬೇಡ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ಉದ್ದ ತೋಳಿನ ಈಜುಟೀಶರ್ಟ್, ಲೆಗ್ಗಿಂಗ್ ತೊಡಿಸಿ. ಸ್ನಾರ್ಕೆಲಿಂಗ್‌ನಲ್ಲಿ ಮೊದಲು ಸುಡುವುದು ಮಂಡಿಯ ಹಿಂಭಾಗ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಅಲ್ಲಿ ಊಟ?
– ಓದುಗರು, ಉಡುಪಿ

ಉತ್ತರ: ಪರೋಟದಂಥ ರೋಟಿ ಚನಾಯ್, ತರಕಾರಿ ಫ್ರೈಡ್ ರೈಸ್, ಹಣ್ಣು ಸಿಗುತ್ತವೆ. ಸಾಂಬಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ನಾಸಿ ಲೆಮಾಕ್ (ತೆಂಗಿನಹಾಲಿನ ಅನ್ನ) ಮೇಲೆ ಒಣಮೀನು ಉದುರಿಸುತ್ತಾರೆ. ರೋಟಿ ಜೊತೆಯ ಸಾರಿಗೂ ಮೀನೋ ಮಾಂಸವೋ ಬಿದ್ದಿರಬಹುದು, ಕೇಳಿಯೇ ತಿನ್ನಿ. ಚಟ್ನಿಪುಡಿ, ಅವಲಕ್ಕಿ ಒಯ್ದರೆ ನಿಶ್ಚಿಂತೆ.

ಪ್ರಶ್ನೆ: ಅಷ್ಟು ದೂರ ಏಕೆ, ನಮ್ಮ ನೇತ್ರಾಣಿ ದ್ವೀಪ ಸಾಲದೇ?
– ಓದುಗರು, ಭಟ್ಕಳ

ಉತ್ತರ: ನೇತ್ರಾಣಿ ಸೊಗಸಾದ ಜಾಗ, ಆದರೆ ಅಲ್ಲಿ ಉಳಿಯುವಂತಿಲ್ಲ, ದಡದಿಂದ ಕಾಲಿಟ್ಟು ಇಳಿಯುವ ಆಳವಿಲ್ಲದ ಮರಳೂ ಇಲ್ಲ. ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿ ಆಳದ ನೀರಿಗೇ ಇಳಿಯಬೇಕು. ಕಾಲಗಳು ಮಾತ್ರ ಚೆನ್ನಾಗಿ ಹೊಂದುತ್ತವೆ: ಪೆರ್ಹೆಂತಿಯಾನ್ ಮುಚ್ಚಿರುವ ಡಿಸೆಂಬರ್, ಜನವರಿಯಲ್ಲಿ ನೇತ್ರಾಣಿ ತೆರೆದಿರುತ್ತದೆ.